ಮಧುಮೇಹಿಗಳಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನ ರಕ್ತಸೂಚಕಗಳು

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ನ ಸುಳಿವನ್ನು ರೋಗಲಕ್ಷಣಗಳು ಕಾಣಿಸುವ ಮೊದಲೇ ನೀಡಬಲ್ಲವೇ ಎಂದು ಸಂಶೋಧಕರು ಪರಿಶೀಲಿಸುತ್ತಿರುವ ರಕ್ತದಲ್ಲಿನ ವಸ್ತುಗಳನ್ನು ಅದರ ರಕ್ತಸೂಚಕಗಳು ಎನ್ನುತ್ತಾರೆ. ಈ ಗ್ರಂಥಿ ಜಠರದ ಹಿಂದೆ ಅಡಗಿರುವುದರಿಂದ, ಕಾಮಾಲೆ ಅಥವಾ ಬೆನ್ನುನೋವು ತಲೆದೋರುವ ಹೊತ್ತಿಗೆ ಹೆಚ್ಚಿನ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಅವಕಾಶ ಮೀರಿರುತ್ತದೆ.

ಮಧುಮೇಹದೊಂದಿಗಿನ ನಂಟು

ಈ ನಂಟು ಎರಡೂ ದಿಕ್ಕಿನದು. ದೀರ್ಘಕಾಲದ ಮಧುಮೇಹವು ಕ್ಯಾನ್ಸರ್‌ನ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಕೆಲವೊಮ್ಮೆ ಕ್ಯಾನ್ಸರೇ ಮಧುಮೇಹವನ್ನು ಉಂಟುಮಾಡುತ್ತದೆ. ಅಮೆರಿಕದ ಮಿನೆಸೋಟದಲ್ಲಿ 50 ವರ್ಷ ತುಂಬಿದ ನಂತರ ಹೊಸದಾಗಿ ಮಧುಮೇಹ ಕಂಡುಬಂದ 2,122 ಜನರನ್ನು ಗಮನಿಸಿದಾಗ, ಮೂರು ವರ್ಷಗಳೊಳಗೆ 18 ಮಂದಿಯಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು (2005). ನೂರಕ್ಕೆ ಒಬ್ಬರಿಗಿಂತಲೂ ಕಡಿಮೆಯಾದ್ದರಿಂದ ಹೊಸ ಮಧುಮೇಹಿಗಳು ಗಾಬರಿಪಡಬೇಕಾದ ಪ್ರಮಾಣ ಇದಲ್ಲ. ಆದರೆ ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಹಲವು ಪಟ್ಟು ಅಧಿಕ.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ, ಗ್ರಂಥಿಯ ನಾಳದಲ್ಲಿ ಕಲ್ಲುಗಟ್ಟುವ ಉರಿಯೂತವು ಎಳೆಯ ವಯಸ್ಸಿನಲ್ಲೇ ಮಧುಮೇಹಕ್ಕೆ ಕಾರಣವಾಗಬಹುದು. ಅಂಥವರಲ್ಲಿ ಕ್ಯಾನ್ಸರ್‌ನ ಅಪಾಯ ಇನ್ನೂ ಹೆಚ್ಚು.

ಸೂಚಕಗಳು

ಹೆಚ್ಚು ಬಳಕೆಯಲ್ಲಿರುವುದು ಸಿಎ 19-9. ಪ್ರತಿ ಮಿಲಿಲೀಟರಿಗೆ 37 ಯೂನಿಟ್ ಅದರ ವಾಡಿಕೆಯ ಮೇಲ್ಮಿತಿ. ಪಿತ್ತನಾಳ ಕಟ್ಟಿಕೊಂಡಾಗಲೂ, ಸಕ್ಕರೆ ಹತೋಟಿ ತಪ್ಪಿದಾಗಲೂ ಇದು ಏರಬಹುದು. ‘ಲೂಯಿಸ್’ ರಕ್ತಗುಂಪಿನ ಪ್ರತಿಜನಕವಿಲ್ಲದ ಶೇ. 5ರಿಂದ 10ರಷ್ಟು ಜನರಲ್ಲಿಯಾದರೋ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಆದ್ದರಿಂದ ಇದೊಂದನ್ನೇ ನಂಬಿ ಎಲ್ಲ ಮಧುಮೇಹಿಗಳನ್ನು ಪರೀಕ್ಷಿಸುವುದು ಸೂಕ್ತವಲ್ಲ. ಥ್ರಾಂಬೋಸ್ಪಾಂಡಿನ್-1 ಎಂಬ ಪ್ರೋಟೀನು, ಮಧುಮೇಹವೂ ಇರುವ ಕ್ಯಾನ್ಸರ್ ರೋಗಿಗಳಲ್ಲಿ ರೋಗ ಪತ್ತೆಯಾಗುವ ಮುನ್ನವೇ ಇಳಿದಿರುತ್ತದೆ ಎಂದು 2016ರಲ್ಲಿ ಬ್ರಿಟನ್ನಿನ ಸಂಶೋಧಕರು ವರದಿ ಮಾಡಿದರು. ಇದಿನ್ನೂ ಸಂಶೋಧನೆಯ ಹಂತದಲ್ಲಿದೆ.

ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳಲ್ಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳು ಸೇರಿದಂತೆ ದೇಶದಾದ್ಯಂತ, ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೀರಿದವರಿಗೆ ಮಧುಮೇಹ ಹಾಗೂ ರಕ್ತದೊತ್ತಡದ ತಪಾಸಣೆಯಿದೆ. ಕ್ಯಾನ್ಸರ್‌ಗಳ ಪೈಕಿ ಬಾಯಿ, ಸ್ತನ ಮತ್ತು ಗರ್ಭಕಂಠದವು ಮಾತ್ರ ಇದರ ವ್ಯಾಪ್ತಿಗೆ ಸೇರಿವೆ. ಮೇದೋಜ್ಜೀರಕ ಗ್ರಂಥಿಯದು ಸೇರಿಲ್ಲ.

ಇಲ್ಲಿ ತೊಡಕಾಗುವುದು ತೂಕದ ಇಳಿಕೆ. ಆಡುಮಾತಿನ ‘ಸಕ್ಕರಿ ಬ್ಯಾನಿ’ ಬಂದವರು ಸೊರಗುವುದು ಸಹಜವೆಂದು ಎಣಿಸಿದರೆ ಕ್ಯಾನ್ಸರ್‌ನ ಮುಖ್ಯ ಸುಳಿವೇ ಕೈತಪ್ಪುತ್ತದೆ. ಮೇಯೋ ಕ್ಲಿನಿಕ್ಕಿನ ವೈದ್ಯರು 2018ರಲ್ಲಿ ಪ್ರಕಟಿಸಿದ ‘ಎಂಡ್‌ಪ್ಯಾಕ್’ ಅಂಕಪದ್ಧತಿಯು ಮಧುಮೇಹ ಆರಂಭವಾದಾಗಿನ ವಯಸ್ಸು, ಹಿಂದಿನ ವರ್ಷಕ್ಕಿಂತ ತೂಕದಲ್ಲಿ ಆದ ಬದಲಾವಣೆ, ರಕ್ತದ ಸಕ್ಕರೆಯಲ್ಲಿನ ಏರಿಕೆ ಈ ಮೂರನ್ನೇ ಅವಲಂಬಿಸಿದೆ. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಒಂದು ವರ್ಷದ ಹಿಂದಿನ ತೂಕ ಮತ್ತು ಸಕ್ಕರೆಯ ದಾಖಲೆ ಬೇಕು. ಅಂಕ 3 ಅಥವಾ ಹೆಚ್ಚಿದ್ದವರಿಗೆ ಸಿಟಿ ಸ್ಕ್ಯಾನ್‌ನಂತಹ ಮುಂದಿನ ತಪಾಸಣೆಗಳನ್ನು ಪರಿಗಣಿಸಲಾಗುತ್ತದೆ. ಕ್ಯಾನ್ಸರ್ ದೃಢಪಟ್ಟರೆ ಚಿಕಿತ್ಸೆಗೆ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಲ್ಲದೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯೂ ಇದೆ.