ಹಿಡಿದ ಹಕ್ಕಿಯನ್ನು ನಾಯಿ ತಿನ್ನದೇಕೆ?

ಪ್ರಶ್ನೆ: ಗೋಲ್ಡನ್ ರಿಟ್ರೀವರ್ ಬೇಟೆನಾಯಿಯಂತೆ. ಆದರೂ ಹಕ್ಕಿಯನ್ನು ತಿನ್ನದೆ ಯಜಮಾನನಿಗೆ ತಂದೊಪ್ಪಿಸುವುದು, ಮನೆಯಲ್ಲಿ ಮಕ್ಕಳ ಜೊತೆ ಸಾಧುವಾಗಿರುವುದು ಹೇಗೆ?

ನಾಯಿಯ ಮೂಲವಾದ ತೋಳದ ಬೇಟೆ ಎಂದರೆ ಹುಡುಕುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಗೋಲ್ಡನ್ ರಿಟ್ರೀವರ್ ತಳಿಯ ಮೊದಲ ಮರಿಗಳು ಸ್ಕಾಟ್‌ಲೆಂಡಿನಲ್ಲಿ 1868ರಲ್ಲಿ ಹುಟ್ಟಿದವು. ಗುಂಡೇಟಿಗೆ ಬಿದ್ದ ಬಾತುಕೋಳಿಯನ್ನು ನಜ್ಜುಗುಜ್ಜು ಮಾಡದೆ ತರುವ ನಾಯಿಗಳನ್ನೇ ಆರಿಸಿ ಮರಿ ಮಾಡಿಸುತ್ತ ಬಂದದ್ದರಿಂದ ಮೊದಲ ಮೂರು ಹಂತ ಉಳಿದು, ಕೊನೆಯ ಎರಡು ಮಂಕಾದವು. ಬೆಕ್ಕು ತನ್ನ ಮರಿಯನ್ನು ಬಾಯಲ್ಲೇ ಎತ್ತಿಕೊಂಡು ಹೋಗುವುದಿಲ್ಲವೆ? ಹಾಗೆಯೇ ಇದರ ಹಿಡಿತ.

ಉಳಿದದ್ದು ತರಬೇತಿ. ಮರಿಗೆ ಮೆತ್ತನೆಯ ಬಟ್ಟೆಯ ಉರುಳೆ ಎಸೆದು, ಮುಂದೆ ಅದಕ್ಕೆ ಹಕ್ಕಿಯ ರೆಕ್ಕೆ ಕಟ್ಟಿ, ಕೈಗೊಪ್ಪಿಸಿದಾಗ ಮೆಚ್ಚುತ್ತಾರೆ. ಮನೆಮಕ್ಕಳು ಹಗ್ಗ ಜಗ್ಗಾಡಿಸುವುದು ಮಾತ್ರ ಹಲವು ತರಬೇತುದಾರರಿಗೆ ಹಿಡಿಸದು. ಹಿಡಿತ ಬಿಗಿಯಾಗುತ್ತದೆಂಬ ಅಂಜಿಕೆ. ಸಾಧುತನಕ್ಕೂ ಮೂಲ ಮರಿ ಮಾಡಿಸುವಾಗಿನ ಆ ಆಯ್ಕೆಯೇ: ಮನುಷ್ಯನ ಮಾತಿಗೆ ಕಾಯುವ ನಾಯಿಯಷ್ಟೇ ಬೇಟೆಗಾರನಿಗೆ ಬೇಕಿತ್ತು.