ಹೊಡೆತ ಮೊಣಕಾಲ ಕೆಳಗಷ್ಟೇ! ಕೊಡಗಿನ ಪರೆಯ ಕಳಿಯಿಂದ ಒಂದು ಟೇಬಲ್ ಗೇಮ್

ನಾಲ್ಕು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸ್ತಾ ಕಥೆ ಕಟ್ಟೋ ಆಟ ನಿಮಗೆ ಗೊತ್ತಿರಬಹುದು. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ರೋಲ್‌ಪ್ಲೇಯಿಂಗ್ ಗೇಮ್‌ಗಳಿಗೆಲ್ಲ ಹಿರಿಯಣ್ಣ. ಇಂಥ ಆಟಕ್ಕೆ ನಮ್ಮದೇ ಸಮರಕಲೆಯ ಕಾಳಗ ಸೇರಿಸಬೇಕು ಅಂದ್ರೆ ಹೇಗೆ? ಹೆಚ್ಚಿನವರು ಮೊದಲು ಪಟ್ಟುಗಳ ಪಟ್ಟಿ ಮಾಡ್ತಾರೆ. ಕೊಡಗು ಬೇರೆ ದಾರಿ ತೋರಿಸುತ್ತೆ: ಯಾವ ಹೊಡೆತ ಕೂಡದು, ಕಾಳಗ ಹೇಗೆ ಮುಗೀಬೇಕು ಅನ್ನೋದನ್ನ ಮೊದಲು ಬರೀರಿ.

ಮಂದ್‌ನಲ್ಲಿ ನಡೆಯೋದು

ಮಡಿಕೇರಿ ತಾಲ್ಲೂಕಿನ ನಾಪೋಕ್ಲು ಕಡೆ ನವೆಂಬರ್-ಡಿಸೆಂಬರ್ ಅಂದ್ರೆ ಪುತ್ತರಿ, ಹೊಸ ಭತ್ತದ ಹಬ್ಬ. ಕದಿರು ಮನೆಗೆ ಬಂದ ಮೇಲೆ ಜನ ಮಂದ್‌ನಲ್ಲಿ ಸೇರುತ್ತಾರೆ. ಅಲ್ಲಿ ಕೋಲಾಟದ ಜೊತೆ ಪರೆಯ ಕಳಿ ಕೊಡವರ ಸಂಪ್ರದಾಯ. ಇಬ್ಬರು ಎದುರುಬದುರು, ಒಂದು ಕೈಯಲ್ಲಿ ಉದ್ದನೆಯ ಬೆತ್ತ, ಇನ್ನೊಂದರಲ್ಲಿ ಪುಟ್ಟ ಗುರಾಣಿ. ಬೆತ್ತ ಬೀಳಬೇಕಾದ್ದು ಮೊಣಕಾಲಿನ ಕೆಳಗೆ ಮಾತ್ರ. ಬಿಸಿ ಏರಿದರೆ ಹಿರಿಯರು ನಡುವೆ ಬರ್ತಾರೆ. ಕೊನೆಗೆ ಇಬ್ಬರೂ ಅಪ್ಪಿಕೊಳ್ತಾರೆ.

ಎದುರಾಳಿ ಯಾರು? ನೆರೆಯವನೇ. ನಾಳೆ ಅದೇ ಗದ್ದೆ ದಾರಿಯಲ್ಲಿ ಸಿಗುವವನು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 360 ತಂಡ ಬಂದಿದ್ದವು. ಮನೆತನಗಳ ಪೈಪೋಟಿ ಇಲ್ಲಿ ಅಷ್ಟು ಜೋರು. ಆದ್ರೆ ಆಟ ಮುಗಿದ ಮೇಲೆ ಸಂಬಂಧ ಉಳೀಬೇಕು. ಪರೆಯ ಕಳಿಯ ಗಡಿ ಕಾಯೋದು ಅದನ್ನೇ.

ಈಗ ನಿಯಮ

ಮೂವರು ಬೇಕು: ಇಬ್ಬರು ಆಟಗಾರರು, ಒಬ್ಬ ಹಿರಿಯ. ಎರಡು ಲೂಡೋ ದಾಳ, ತಲಾ ಆರು ಕಾಫಿ ಬೀಜ. ಬೀಜ ಅಂದ್ರೆ ದಮ್ಮು.

ಸರದಿ ಪ್ರಕಾರ ಒಬ್ಬ ಹೊಡೀತಾನೆ, ಇನ್ನೊಬ್ಬ ತಡೀತಾನೆ. ಹೊಡೆಯುವವನು ಮೇಜಿನ ಕೆಳಗೆ ಒಂದು ಬೆರಳು ಹಿಡಿದರೆ ಎಡಗಾಲಿಗೆ, ಎರಡು ಹಿಡಿದರೆ ಬಲಗಾಲಿಗೆ. ತಡೆಯುವವನದೂ ಹಾಗೇ, ಗುರಾಣಿ ಯಾವ ಕಡೆ ಅಂತ. ಮುಷ್ಟಿ ಕಟ್ಟಿದರೆ ಜಿಗಿತ. ಇಬ್ಬರೂ ಒಟ್ಟಿಗೆ ಕೈ ತೋರಿಸಿ.

- ಗುರಾಣಿ ಸರಿಯಾದ ಕಡೆ ಇದ್ರೆ ಏಟು ವ್ಯರ್ಥ. ಹೊಡೆದವನ ಒಂದು ಬೀಜ ಹೋಯ್ತು.
- ತಪ್ಪಿದ್ರೆ ಹೊಡೆದವನು ದಾಳ ಹಾಕಲಿ. ಮೊತ್ತ 7 ಅಥವಾ ಹೆಚ್ಚು ಬಂದ್ರೆ ಏಟು ತಗುಲಿತು.
- ಜಿಗಿದವನು ಮೊದಲು ಒಂದು ಬೀಜ ಕೊಟ್ಟು ದಾಳ ಹಾಕಲಿ. 6 ಅಥವಾ ಹೆಚ್ಚು ಬಂದ್ರೆ ಪಾರು, ಇಲ್ಲಾಂದ್ರೆ ಏಟು.

ಯಾರಿಗಾದ್ರೂ ಮೂರು ಏಟು ಬಿದ್ರೆ, ಇಲ್ಲವೇ ಬೀಜ ಖಾಲಿಯಾದ್ರೆ ಆಟ ನಿಂತಿತು.

ಲೆಕ್ಕ ನೋಡಿ. ಸುಮ್ನೆ ಊಹೆ ಮೇಲೆ ಗುರಾಣಿ ಹಿಡಿದರೆ ಏಟು ತಿನ್ನೋ ಸಾಧ್ಯತೆ ಶೇ. 29. ಜಿಗಿದರೆ ಶೇ. 28. ಹೆಚ್ಚುಕಮ್ಮಿ ಒಂದೇ, ಮೇಲಾಗಿ ಬೀಜವೂ ಖರ್ಚು. ಹಾಗಾದ್ರೆ ಜಿಗಿಯೋದು ಯಾಕೆ? ನೀವು ಗುರಾಣಿ ಎಲ್ಲಿಡ್ತೀರಿ ಅಂತ ಎದುರಾಳಿ ಓದಿಬಿಟ್ಟಿದ್ದರೆ ಗುರಾಣಿ ಹಿಡಿದರೂ ಅಪಾಯ ಶೇ. 58ಕ್ಕೆ ಏರುತ್ತೆ. ಜಿಗಿತ ಆ ಹೊತ್ತಿನ ವಿಮೆ. ಹಾಗಾಗಿ ಈ ಆಟದಲ್ಲಿ ದಾಳಕ್ಕಿಂತ ಮುಖ ಓದೋದೇ ಮುಖ್ಯ.

ತಡೆಗೆ ಬೇರೆ ದಾಳ ಅನ್ನೋದೇನೂ ಹೊಸದಲ್ಲ. 1986ರ ‘ಗರ್ಪ್ಸ್’ನಲ್ಲಿ ಏಟು ಸರಿಯಾಗಿ ಬಿದ್ದರೂ ತಪ್ಪಿಸಿಕೊಳ್ಳಲು, ಗುರಾಣಿಯಲ್ಲಿ ತಡೆಯಲು ಅವಕಾಶವಿದೆ.

ಹಿರಿಯನ ಕೆಲಸ

ಬಹುತೇಕ ರೋಲ್‌ಪ್ಲೇ ಕಾಳಗಗಳು ಒಬ್ಬರು ಬೀಳೋವರೆಗೂ ಎಳೀತಾವೆ. ಇಲ್ಲಿ ಹಿರಿಯ ಒಂದೇ ಒಂದು ಸಲ, ಯಾವಾಗ ಬೇಕಾದ್ರೂ ‘ಸಾಕು’ ಅನ್ನಬಹುದು. ಆಗ ಇಬ್ಬರಿಗೂ ಸಮಾನ ಮರ್ಯಾದೆ. ಬೇಗ ಅಂದ್ರೆ ಆಟ ಸಪ್ಪೆ, ತಡ ಆದ್ರೆ ಸೋತವನ ಮುಖ ಸಪ್ಪೆ. ಮೂರನೆಯವನಿಗೂ ನಿಜವಾದ ಕೆಲಸ ಸಿಕ್ಕಿತು, ಅಲ್ವಾ?

ಕಥೆ ಮುಂದುವರಿಸುವಾಗ ಗೆದ್ದವನಿಗೆ ಚಿನ್ನ, ಆಯುಧ ಏನೂ ಬೇಡ. ಅಪ್ಪಿಕೊಂಡ ಆ ಎದುರಾಳಿ ಮುಂದಿನ ಸಾಹಸಕ್ಕೆ ಜೊತೆಗಾರನಾಗಿ ಬರಲಿ. ಈ ಶನಿವಾರ ಆಡಿ ನೋಡಿ. ಕಾಫಿ ಬೀಜ ಇಲ್ಲಾಂದ್ರೆ ಕಡಲೆಕಾಯಿ ಆದೀತು. ಮಧ್ಯದಲ್ಲಿ ತಿನ್ನಬೇಡಿ ಅಷ್ಟೇ, ದಮ್ಮು ಕಮ್ಮಿಯಾಗುತ್ತೆ!