ಉಗುರಿಗೆ ಸಿಗದ ಗೀರು

ಇಳಿಬಿಸಿಲಿಗೆ ಎದುರಾಗಿ ಕಾರು ಓಡಿಸುವಾಗ ಗಾಜಿನ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಬೆಳಗ್ಗೆ ಫಳಫಳ ಹೊಳೆಯುತ್ತಿದ್ದ ಮುಂಗಾಜಿನ ಮೇಲೆ ವೈಪರ್ ಎಳೆದ ಕಮಾನುಗಳು ಎದ್ದು ಕಾಣುತ್ತವೆ. ಬಾಗಿಲ ಗಾಜಿನಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಸಣ್ಣ ಗೆರೆಗಳು. ರಾತ್ರಿ ಎದುರಿನ ಲಾರಿಯ ಹೆಡ್‌ಲೈಟ್ ಬಿದ್ದರಂತೂ ಒಂದೊಂದು ಗೆರೆಯೂ ಬೆಳಕನ್ನು ಚೆದುರಿಸಿ, ರಸ್ತೆ ದಾಟುತ್ತಿರುವ ಮನುಷ್ಯನನ್ನೇ ಮರೆಮಾಡಿಬಿಡಬಹುದು. ಗೀರು ಬರೀ ಅಂದಚಂದದ ಮಾತು ಎಂದು ತಳ್ಳಿಹಾಕುವವರ ಜತೆ ನನಗೆ ಸಹಮತವಿಲ್ಲ.

ಈ ಗೀರುಗಳನ್ನು ಅಳಿಸುವುದೇ ಒಂದು ಕಸುಬು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಟೌನ್‌ಹಾಲ್‌ನಿಂದ ಮಿನರ್ವ ವೃತ್ತದ ಕಡೆ ನಡೆದರೆ ಸೀಟ್ ಕವರು, ಹಾರ್ನು, ಮ್ಯಾಟು, ಬಿಡಿಭಾಗ ಎಲ್ಲದಕ್ಕೂ ಅಂಗಡಿಗಳಿವೆ. ಗಾಜಿನ ಪಾಲಿಶ್ ಮಾಡುವವರನ್ನು ಮಾತ್ರ ವಿಚಾರಿಸಿಕೊಂಡೇ ಹೋಗಬೇಕು. ಬಣ್ಣಕ್ಕೆ ಬಫಿಂಗ್ ಮಾಡುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಗಾಜು ಮುಟ್ಟಲು ಅವರಲ್ಲಿ ಹಲವರು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಗೀರು ಬೀಳುವ ಬಗೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಕಿಟಕಿ ಗಾಜು ಐದೂವರೆ, ಆರರ ಆಸುಪಾಸಿನಲ್ಲಿದೆ. ಮರಳಿನಲ್ಲಿರುವ ಬೆಣಚುಕಲ್ಲಿನ ಕಣ ಏಳು. ದಕ್ಷಿಣ ಕರ್ನಾಟಕದ ಬಹುಪಾಲು ನೆಲದ ಅಡಿಯಲ್ಲಿರುವುದು ಬೆಣಚು ತುಂಬಿದ ಗ್ರಾನೈಟ್ ಜಾತಿಯ ಬಂಡೆ. ಲಾಲ್‌ಬಾಗಿನ ಗುಡ್ಡದಲ್ಲಿ ಅದನ್ನು ಎಲ್ಲರೂ ತುಳಿದಿದ್ದೇವೆ. ಅದೇ ಬಂಡೆಯನ್ನು ಕ್ರಷರ್‌ನಲ್ಲಿ ಪುಡಿಮಾಡಿದ ಎಂ-ಸ್ಯಾಂಡ್ ಲಾರಿಗಳಲ್ಲಿ ದಿನವಿಡೀ ಊರೊಳಗೆ ಬರುತ್ತದೆ. ಅದರ ದೂಳು ನಮ್ಮ ಗಾಜಿನ ಮೇಲೆ ಕೂರುತ್ತದೆ. ಕೂತಷ್ಟಕ್ಕೇ ಏನೂ ಆಗುವುದಿಲ್ಲ. ಒಣಬಟ್ಟೆ ಹಿಡಿದು ಒರೆಸಿದಾಗ, ಒಣಗಾಜಿನ ಮೇಲೆ ವೈಪರ್ ಓಡಿಸಿದಾಗ, ಆ ಕಣ ಗಾಜನ್ನು ಕೊರೆಯುತ್ತದೆ.

ಬಾಗಿಲ ಗಾಜಿನ ನೇರ ಗೆರೆಗಳ ಕಥೆ ಬೇರೆ. ಗಾಜು ಬಾಗಿಲೊಳಗೆ ಇಳಿಯುವಲ್ಲಿ ಹೊರಗೂ ಒಳಗೂ ರಬ್ಬರಿನ ಪಟ್ಟಿಗಳಿವೆ. ಗ್ಯಾರೇಜಿನವರು ಅದಕ್ಕೆ ಬೀಡಿಂಗ್ ಎನ್ನುತ್ತಾರೆ. ಅದರ ಅಂಚಿಗೆ ಮರಳು ಸಿಕ್ಕಿಕೊಂಡರೆ, ಗಾಜು ಇಳಿಸಿ ಏರಿಸಿದ ಪ್ರತಿಸಲವೂ ಅದೇ ಜಾಗದಲ್ಲಿ ಗೆರೆ ಬೀಳುತ್ತದೆ. ಹಳೆಯ ಬೀಡಿಂಗ್ ಬದಲಿಸದೆ ಗಾಜಿಗೆ ಪಾಲಿಶ್ ಮಾಡಿಸಿದರೆ ಕೊಟ್ಟ ದುಡ್ಡು ದಂಡ. ಒಳ್ಳೆಯ ಕೆಲಸಗಾರ ಮೊದಲು ಬೀಡಿಂಗನ್ನು ಬೆರಳಲ್ಲಿ ಬಿಡಿಸಿ ನೋಡುತ್ತಾನೆ.

ಆಮೇಲೆ ಗಾಜಿಗೆ ನೀರು ಚಿಮುಕಿಸುತ್ತಾನೆ. ಒದ್ದೆಯಾದಾಗ ಸಣ್ಣ ಗೀರು ಮಾಯವಾಗುತ್ತದೆ, ಒಣಗಿದರೆ ಮತ್ತೆ ಕಾಣುತ್ತದೆ. ಗೀರಿನೊಳಗೆ ಗಾಳಿ ಇದ್ದಾಗ ಬೆಳಕು ಅಲ್ಲಿ ಬಲವಾಗಿ ಮುರಿಯುತ್ತದೆ. ನೀರು ತುಂಬಿಕೊಂಡಾಗ ಗಾಜಿಗೂ ನೀರಿಗೂ ವಕ್ರೀಭವನದ ಅಂತರ ಕಡಿಮೆಯಾದ್ದರಿಂದ ಕಣ್ಣಿಗೆ ಹೊಳೆಯುವುದಿಲ್ಲ. ಹಳೆಯ ಕಾರು ಕೊಳ್ಳುವವರು ಗಾಜನ್ನು ಒಣಗಿಸಿಯೇ ನೋಡಬೇಕು. ಈಗಷ್ಟೇ ತೊಳೆದು ನಿಲ್ಲಿಸಿದ ಕಾರಿನ ಗಾಜು ಏನನ್ನೂ ಹೇಳುವುದಿಲ್ಲ.

ಇನ್ನು ಉಗುರಿನ ಪರೀಕ್ಷೆ. ಗೀರಿಗೆ ಅಡ್ಡವಾಗಿ ಉಗುರು ಎಳೆದಾಗ ತಡೆಯದೆ ಜಾರಿಹೋದರೆ ಅಳಿಸಬಹುದಾದ ಗೀರು. ಉಗುರು ಸಿಕ್ಕಿಕೊಂಡರೆ ಅಲ್ಲಿಗೆ ನಿಲ್ಲಬೇಕು. “ಸಾರ್, ಇದು ಉಗುರಿಗೆ ಸಿಗ್ತಿದೆ, ಬಿಟ್ಬಿಡಿ” ಎಂದು ಬಂದ ಗಿರಾಕಿಯನ್ನು ವಾಪಸ್ ಕಳಿಸುವವನ ಕೈಗೆ ನಾನು ಧೈರ್ಯವಾಗಿ ಕಾರು ಕೊಡುತ್ತೇನೆ. ಯಾವ ಗೀರನ್ನು ಮುಟ್ಟಬಾರದು ಎಂಬ ತಿಳಿವಳಿಕೆಯೇ ಈ ಕಸುಬಿನ ಅರ್ಧಭಾಗ.

ಉಳಿದರ್ಧ ಒಂದು ಪುಡಿಯಲ್ಲಿದೆ: ಸೀರಿಯಂ ಆಕ್ಸೈಡ್. ಸೀರಿಯಂ ಧಾತು ಪತ್ತೆಯಾದದ್ದು 1803ರಲ್ಲಿ, ಸ್ವೀಡನ್ನಿನಲ್ಲಿ ಬರ್ಜೀಲಿಯಸ್ ಮತ್ತು ಹಿಸಿಂಗರ್ ಅವರಿಂದ, ಅದೇ ಹೊತ್ತಿಗೆ ಜರ್ಮನಿಯಲ್ಲಿ ಕ್ಲಾಪ್ರಾತ್ ಅವರಿಂದ. 1801ರಲ್ಲಿ ಕಂಡಿದ್ದ ಸಿರಿಸ್ ಎಂಬ ಆಕಾಶಕಾಯದ ಹೆಸರನ್ನೇ ಅದಕ್ಕೆ ಇಟ್ಟರು. ವಿರಳ ಭಸ್ಮ ಧಾತುಗಳ ಗುಂಪಿಗೆ ಸೇರಿದ್ದರೂ ಅದೇನೂ ವಿರಳವಲ್ಲ, ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಸೀರಿಯಂ ಪುಡಿ ಬಳಕೆಗೆ ಬರುವ ಮುಂಚೆ ಮಸೂರಗಳಿಗೆ, ಕನ್ನಡಿಗಳಿಗೆ ಹೊಳಪು ಕೊಡುತ್ತಿದ್ದದ್ದು ಕೆಂಪು ಕಬ್ಬಿಣದ ಆಕ್ಸೈಡಿನ ಪುಡಿ. ಕೆಲಸ ನಿಧಾನ, ಮೈಕೈಯೆಲ್ಲ ಕೆಂಪು. ಸೀರಿಯಂ ಬಂದ ಮೇಲೆ ಕೆಲಸವೂ ಬೇಗ, ಕೈಯೂ ಶುಭ್ರ.

ಈ ಧಾತುವಿಗೂ ನಮ್ಮ ಕರಾವಳಿಗೂ ಹಳೆಯ ನಂಟು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನತಜ್ಞ ತಿರುವಾಂಕೂರಿನಿಂದ ಹಡಗೇರಿ ಹೋಗಿದ್ದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಗುರುತಿಸಿದ. ಮೊನಜೈಟಿನಲ್ಲಿ ಸೀರಿಯಂ ಧಾರಾಳವಾಗಿದೆ. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಆ ಮರಳಿನ ಸಂಸ್ಕರಣೆಗೆಂದೇ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿತು. ಕೇರಳದ ಆಲುವದಲ್ಲಿ ಕಾರ್ಖಾನೆ ಎದ್ದಿತು.

ಪುಡಿಯ ಗುಣ ವಿಶೇಷವಾದದ್ದು. ಅದರ ಗಡಸುತನ ಗಾಜಿನಷ್ಟೇ. ಬರಿಯ ಉಜ್ಜುವಿಕೆಯಿಂದ ಅದು ಇಷ್ಟು ಚೆನ್ನಾಗಿ ಹೊಳಪು ಕೊಡಲಾರದು. ನೀರು ಸೇರಿದಾಗ ಗಾಜಿನ ಮೇಲ್ಪದರ ಸ್ವಲ್ಪ ಮೆದುವಾಗುತ್ತದೆ, ಸೀರಿಯಂ ಕಣ ಗಾಜಿನ ಸಿಲಿಕಾದೊಂದಿಗೆ ಕ್ಷಣಕಾಲ ರಾಸಾಯನಿಕ ಬಂಧ ಬೆಸೆದುಕೊಂಡು, ಮುಂದೆ ಸರಿಯುವಾಗ ಅದನ್ನು ಅಣುಗಳ ಲೆಕ್ಕದಲ್ಲಿ ಕಿತ್ತೊಯ್ಯುತ್ತದೆ. ಇದನ್ನು ವಿವರವಾಗಿ ಚರ್ಚಿಸಿದ ಎಲ್. ಎಂ. ಕುಕ್ ಅವರ ಪ್ರಬಂಧ ಪ್ರಕಟವಾದದ್ದು 1990ರಲ್ಲಿ. ಕಾರಣ ಕಾಗದಕ್ಕೆ ಬರುವ ಎಷ್ಟೋ ವರ್ಷ ಮುಂಚೆಯೇ, ನೀರು ಆರಿದರೆ ಪುಡಿ ಕೆಲಸ ಮಾಡದು ಎಂಬುದು ಪಾಲಿಶ್ ಮಾಡುವ ಕೈಗಳಿಗೆ ಗೊತ್ತಿತ್ತು.

ಗೀರು ಅಳಿಯುವುದೆಂದರೆ ಅದು ತುಂಬಿಕೊಳ್ಳುವುದು ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಆಗುವುದು ಸುತ್ತಲಿನ ಗಾಜು ಗೀರಿನ ತಳದ ಮಟ್ಟಕ್ಕೆ ಇಳಿಯುವುದು. ಕೆಲಸದ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಕೆಲಸ ಹೀಗೆ ನಡೆಯುತ್ತದೆ. ಗಾಜನ್ನು ಧಾರಾಳವಾಗಿ ತೊಳೆದು, ಬಣ್ಣಕ್ಕೂ ರಬ್ಬರಿಗೂ ಟೇಪು ಹಚ್ಚುತ್ತಾರೆ. ಗೀರು ಹೊರಗಿದ್ದರೆ ಗಾಜಿನ ಒಳಮೈಯಲ್ಲಿ ಮಾರ್ಕರಿನಿಂದ ಗುರುತು ಹಾಕುತ್ತಾರೆ, ಪುಡಿ ಹಚ್ಚಿದ ಮೇಲೆ ಜಾಗ ತಪ್ಪಬಾರದಲ್ಲ. ಪುಡಿಗೆ ನೀರು ಬೆರೆಸುವ ಹದ ಅಕ್ಕಿ ತೊಳೆದ ನೀರಿಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು. ಯಂತ್ರಕ್ಕೆ ಉಣ್ಣೆಯ ಫೆಲ್ಟ್ ಪ್ಯಾಡ್ ಹಾಕಿ, ವೇಗವನ್ನು ತಗ್ಗಿಸಿ, ಒಂದೇ ಕಡೆ ನಿಲ್ಲದೆ ಆಡಿಸುತ್ತಾ ಹೋಗಬೇಕು. ಒಂದು ಕೈ ಯಂತ್ರದಲ್ಲಿ, ಇನ್ನೊಂದು ಕೈ ಆಗಾಗ ಗಾಜಿನ ಮೇಲೆ. ಬೆಚ್ಚಗಾದರೆ ನಿಲ್ಲಿಸಿ ನೀರು ಚಿಮುಕಿಸಬೇಕು. ಗೀರು ಎರಡು ಬೆರಳಗಲವಿದ್ದರೆ ಪಾಲಿಶ್ ಅಂಗೈಯಗಲಕ್ಕಿಂತ ಹೆಚ್ಚು ಹರಡುತ್ತದೆ. ಗೀರಿದ್ದಲ್ಲೇ ಉಜ್ಜಿದರೆ ಅಲ್ಲಿ ಕಾಣದಷ್ಟು ತೆಳುವಾದ ತಗ್ಗು ಆಗಿ ಗಾಜು ಮಸೂರದ ಗುಣ ಪಡೆಯುತ್ತದೆ. ಅದರ ಮೂಲಕ ನೋಡಿದರೆ ರಸ್ತೆ ಅಲುಗಿದ ಹಾಗೆ ಕಾಣುತ್ತದೆ. ಗೀರಿನ ಜತೆ ಬದುಕಬಹುದು, ಈ ತಗ್ಗಿನ ಜತೆ ಕಾರು ಓಡಿಸಲಾಗದು. ಅದಕ್ಕೆ ರಿಪೇರಿಯೂ ಇಲ್ಲ, ಗಾಜನ್ನೇ ಬದಲಿಸಬೇಕು. ಬಫಿಂಗ್‌ನವರು ಹಿಂಜರಿಯುವುದು ಇದಕ್ಕೇ.

ಕಾರಿನ ಗಾಜು ಎರಡು ಜಾತಿ ಎಂಬುದನ್ನೂ ತಿಳಿದಿರಬೇಕು. ಮುಂಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಬೆಸೆದದ್ದು. ಅದರ ಮೂಲ ಕಲ್ಪನೆ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಅವರದು, ಪೇಟೆಂಟ್ ಪಡೆದದ್ದು 1909ರಲ್ಲಿ. ಬಾಗಿಲ ಗಾಜು ಸಾಮಾನ್ಯವಾಗಿ ಒಂದೇ ಹಾಳೆ. 600 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು ಕಾಯಿಸಿ ತಣ್ಣನೆ ಗಾಳಿ ಊದಿ ಗಟ್ಟಿಗೊಳಿಸಿದ್ದು. ಅದರ ಮೇಲ್ಮೈ ಒತ್ತಡದಲ್ಲಿ, ಒಳಗಿನ ತಿರುಳು ಎಳೆತದಲ್ಲಿ ಇರುತ್ತದೆ. ತೆಳುಗೀರು ಮೇಲ್ಪದರದಲ್ಲೇ ಮುಗಿಯುವುದರಿಂದ ಅಪಾಯವಿಲ್ಲ. ಆಳದ ಗಾಯ ತಿರುಳು ಮುಟ್ಟಿದರೆ ಇಡೀ ಗಾಜು ಒಮ್ಮೆಲೇ ಹರಳುಹರಳಾಗಿ ಉದುರುತ್ತದೆ. ಮುಂಗಾಜಿನಲ್ಲಿ ಕಲ್ಲೇಟಿನ ಚಿಪ್ಪು ಎದ್ದಿದ್ದರೆ ಅದನ್ನು ರಾಳ ತುಂಬಿ ಸರಿಪಡಿಸುವ ಮೊದಲು ಪಾಲಿಶ್ ಯಂತ್ರ ಹತ್ತಿರ ತರಬಾರದು, ಬಿಸಿಗೆ ಬಿರುಕು ಓಡುತ್ತದೆ. ಹೊಸ ಕಾರುಗಳಲ್ಲಿ ಕನ್ನಡಿಯ ಹಿಂದೆ ರಸ್ತೆ ನೋಡುವ ಕ್ಯಾಮೆರಾ ಇರುತ್ತದೆ. ಆ ಜಾಗವನ್ನು ಯಾರೂ ಉಜ್ಜದಿರಲಿ.

ಗಾಜು ಉಜ್ಜುವ ಕೈಗೆ ಬೆಂಗಳೂರಿನಲ್ಲಿ ದೊಡ್ಡ ಪರಂಪರೆಯೇ ಇದೆ. ಕಾವಲೂರಿನ ವೈನು ಬಪ್ಪು ದೂರದರ್ಶಕದ 2.34 ಮೀಟರ್ ಅಗಲದ ಕನ್ನಡಿಯನ್ನು ಅರೆದು ಹೊಳಪು ಕೊಟ್ಟದ್ದು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ. ಬೆಳಕಿನ ತರಂಗಾಂತರದ ಸಣ್ಣ ಪಾಲಿಗಿಂತ ಹೆಚ್ಚು ಏರುಪೇರು ಉಳಿಯದಂತೆ ಮಾಡುವ ಕೆಲಸವದು. ಆ ದೂರದರ್ಶಕದ ಕನಸು ಕಂಡ ಖಗೋಳ ವಿಜ್ಞಾನಿ ಬಪ್ಪು 1982ರಲ್ಲಿ ತೀರಿಕೊಂಡರು, ದೂರದರ್ಶಕ 1986ರಲ್ಲಿ ಉದ್ಘಾಟನೆಯಾಯಿತು. ಕಾರಿನ ಗಾಜಿಗೆ ಅಷ್ಟು ನಿಖರತೆ ಬೇಡ, ಆದರೆ ನೀರು, ಪುಡಿ, ತಾಳ್ಮೆಯ ಶಿಸ್ತು ಒಂದೇ ಕುಲದ್ದು.

ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಅದರಲ್ಲಿರುವ ಸುಣ್ಣದ ಜಾತಿಯ ಪುಡಿ ಗಾಜಿಗಿಂತ ಬಹಳ ಮೆದು. ಕೊಳೆ ಹೋಗುತ್ತದೆ, ಗೀರು ಅಲ್ಲೇ ಇರುತ್ತದೆ. ಬಣ್ಣವಿಲ್ಲದ ಉಗುರುಬಣ್ಣ ಗೀರನ್ನು ಕೆಲವು ದಿನ ಮುಚ್ಚಿಡುತ್ತದೆ, ಅಷ್ಟೇ. ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ಗೀರೆಂದು ತಿಳಿದು ಪಾಲಿಶ್‌ಗೆ ಓಡುವವರೂ ಇದ್ದಾರೆ. ಕಲೆ ಹೊಸದಾಗಿದ್ದರೆ ಸ್ವಲ್ಪ ವಿನಿಗರ್ ಸಾಕು. ಇನ್ನು ಬ್ಲೇಡು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ತೆಗೆಸಿದಾಗ ಊರೂರಲ್ಲಿ ಬ್ಲೇಡಿನಿಂದ ಕೆರೆದು ಕಿತ್ತರು. ಫಿಲ್ಮ್ ಜತೆಗೆ ಹಿಂಗಾಜಿನ ಮಂಜು ಕರಗಿಸುವ ತಂತಿಗೆರೆಗಳೂ ಹಾಳಾದವು, ಗಾಜಿಗೂ ಗೀರು ಬಿತ್ತು. ಹಬೆ ಹಿಡಿದು ಬೆಚ್ಚಗೆ ಮಾಡಿ, ಸಾಬೂನು ನೀರು ಬಿಟ್ಟು ನಿಧಾನವಾಗಿ ಎಳೆದರೆ ಫಿಲ್ಮ್ ತಾನಾಗಿ ಬರುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಮುಂಜಾನೆ ಕಾರು ಒರೆಸಲು ಬರುವ ಹುಡುಗನ ಕೈಯಲ್ಲಿ ಒಂದು ಬಕೆಟ್, ಒಂದು ಬಟ್ಟೆ, ಸಾಲಾಗಿ ಹತ್ತಾರು ಕಾರು. ಮೊದಲ ಕಾರಿನ ಮರಳು ಕೊನೆಯ ಕಾರಿನ ಗಾಜಿಗೆ ತಲುಪುತ್ತದೆ. ಅವನನ್ನು ಬಯ್ಯುವುದು ಅನ್ಯಾಯ. ಅವನಿಗೆ ನಾವು ಕೊಟ್ಟಿರುವುದು ಅಷ್ಟೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತ್ತು. ನೀರಿನ ಕಷ್ಟ ಎಲ್ಲರಿಗೂ ಗೊತ್ತು. ಗಾಜಿಗೆ ಬೇಕಾಗುವುದು ಒಂದು ಸ್ಪ್ರೇ ಬಾಟಲಿಯಷ್ಟು ಬಳಸಿದ ನೀರು, ಗಾಜಿಗೆಂದೇ ಇಟ್ಟ ಇನ್ನೊಂದು ಬಟ್ಟೆ. ಅವೆರಡನ್ನೂ ನೀವೇ ತಂದುಕೊಡಿ, ಗಾಜನ್ನು ನೆನೆಸಿಕೊಂಡು ಆಮೇಲೆ ಒರೆಸಪ್ಪ ಎಂದು ಹೇಳಿ.